ಮಳೆಗಾಲ ಬಂದ್ರೆ ರೈಫಲ್ ಗುರಿ ಸರಿಯುತ್ತೆ: ಸ್ಟಾಕ್ ಬದಲಿಸಲಾ, ಬೆಡ್ಡಿಂಗ್ ಮಾಡಿಸಲಾ?

ಸಕಲೇಶಪುರ ತೋಟದವನು:
ನನ್ನ ಹತ್ರ ಪಾಯಿಂಟ್ 22 ಬೋಲ್ಟ್ ರೈಫಲ್ ಇದೆ, ಅಕ್ರೋಟು ಮರದ ಸ್ಟಾಕ್, ಅಂದ್ರೆ ಬ್ಯಾರೆಲ್ ಕೂರುವ ಹಿಡಿ. ಲೈಸೆನ್ಸ್ ಇದೆ, ರೇಂಜಲ್ಲಿ 50 ಮೀಟರ್ ಪೇಪರ್ ಟಾರ್ಗೆಟ್‌ಗೆ ಬಿಟ್ಟು ಬೇರೆಲ್ಲೂ ಹೊಡೆಯಲ್ಲ. ಬೇಸಿಗೆಯಲ್ಲಿ ಐದೂ ಗುಂಡು ರೂಪಾಯಿ ನಾಣ್ಯದೊಳಗೆ ಬೀಳುತ್ತವೆ. ಜುಲೈ ಬಂತು ಅಂದ್ರೆ ಇಡೀ ಗ್ರೂಪ್ (ಗುಂಡು ಬಿದ್ದ ಗುರುತುಗಳ ಗುಂಪು) ಎಡಕ್ಕೆ, ಮೇಲಕ್ಕೆ ಹೋಗುತ್ತದೆ, ಜೊತೆಗೆ ಹರಡಿಕೊಳ್ಳುತ್ತದೆ. ಗುರಿ ನೋಡುವ ಸ್ಕೋಪ್‌ನ ತಿರುಪು ತಿರುಗಿಸಿ ಸರಿ ಮಾಡಿದ್ರೆ ಡಿಸೆಂಬರ್‌ನಲ್ಲಿ ಮತ್ತೆ ಬಲಕ್ಕೆ. ಗೆಳೆಯನೊಬ್ಬ ಪ್ಲಾಸ್ಟಿಕ್ ಸ್ಟಾಕ್ ತಗೋ ಅಂತಾನೆ, ಇನ್ನೊಬ್ಬ ಮನೆಯಲ್ಲಿ ಬೀಟೆ ಹಲಗೆ ಇದೆಯಲ್ಲ, ಅದರಲ್ಲೇ ಮಾಡಿಸು ಅಂತಾನೆ. ಏನು ಮಾಡಲಿ?

ಮೂಡಿಗೆರೆ ಮಳೆ:
ಮೊದಲು ದುಡ್ಡು ಖರ್ಚಾಗದ ಕೆಲಸ ಮಾಡಿ. ರೈಫಲ್ ಖಾಲಿ ಇದೆ ಅಂತ ಎರಡು ಸಲ ನೋಡಿಕೊಂಡು, ಹತ್ತು ರೂಪಾಯಿ ನೋಟನ್ನು ಬ್ಯಾರೆಲ್ ಕೆಳಗೆ ಸುತ್ತಿ ಹಿಂದಕ್ಕೆ ಎಳೆಯಿರಿ. ಎಲ್ಲಿ ನಿಲ್ಲುತ್ತದೋ ಅಲ್ಲಿ ಮರ ಬ್ಯಾರೆಲ್‌ಗೆ ತಾಗುತ್ತಿದೆ. ನಮ್ಮ ಕಡೆ ಮಳೆಗಾಲದಲ್ಲಿ ಬಾಗಿಲು ಉಬ್ಬಿ ಹಿಡ್ಕೊಳ್ಳಲ್ವಾ, ಇದೂ ಹಾಗೇ. ಗ್ರೂಪ್ ಎಡಕ್ಕೆ, ಮೇಲಕ್ಕೆ ಹೋಗುತ್ತಿದೆ ಅಂದ್ರೆ ಬಲಗಡೆ ಕೆಳಗಿನಿಂದ ಒತ್ತುತ್ತಿರಬೇಕು. ಸ್ಟಾಕ್‌ನಿಂದ ಬ್ಯಾರೆಲ್ ಬಿಚ್ಚಿ ನೋಡಿ, ಅಲ್ಲಿ ಬ್ಲೂಯಿಂಗ್ (ಲೋಹದ ಮೇಲಿನ ಕಪ್ಪು ನೀಲಿ ಲೇಪ) ಸವೆದು ಹೊಳೆಯುವ ಗೆರೆ ಇರಬಹುದು. ಗುಂಡು ಹಾರುವಾಗ ಬ್ಯಾರೆಲ್ ಅದುರುತ್ತದೆ, ಆ ಅದುರಾಟ ಪ್ರತಿ ಸಲ ಒಂದೇ ಥರ ಇದ್ರೆ ಗುಂಡೂ ಒಂದೇ ಕಡೆ ಹೋಗುತ್ತದೆ, ಮರ ತಾಗಿದರೆ ಆ ಲೆಕ್ಕ ಕೆಟ್ಟುಹೋಗುತ್ತದೆ.

ಇನ್ನೊಂದು. ಹಲವು ಸ್ಟಾಕ್‌ಗಳಿಗೆ ಹೊರಗಡೆ ಚೆನ್ನಾಗಿ ಪಾಲಿಶ್ ಇರುತ್ತದೆ, ಬ್ಯಾರೆಲ್ ಕೂರುವ ಕಾಲುವೆ ಮಾತ್ರ ಪಾಲಿಶ್ ಇಲ್ಲದ ಬರಿ ಮರ. ತೇವ ಕುಡಿಯುವುದು ಅಲ್ಲಿಂದಲೇ.

ಸಕಲೇಶಪುರ ತೋಟದವನು:
ನೋಡಿದೆ. ಸ್ಟಾಕ್ ತುದಿಯಿಂದ ನಾಲ್ಕು ಬೆರಳು ಹಿಂದೆ ನೋಟು ಸಿಕ್ಕಿಕೊಂಡಿತು, ಅದೂ ಬಲಗಡೆನೇ! ಒಳಗೆ ಪಾಲಿಶ್ ಇಲ್ಲವೇ ಇಲ್ಲ. ಹಾಗಾದ್ರೆ ಕಾಲುವೆ ಉಜ್ಜಿದರೆ ಸಾಕಾ? ಬೆಡ್ಡಿಂಗ್ ಬೇಡವಾ?

ಅರಸೀಕೆರೆ ಅಣ್ಣ:
ಅದು ಬೇರೆ, ಇದು ಬೇರೆ. ಕಾಲುವೆ ಉಜ್ಜಿದರೆ ಬ್ಯಾರೆಲ್‌ಗೆ ಬಿಡುವು ಸಿಗುತ್ತದೆ. ಬೆಡ್ಡಿಂಗ್ ಇರುವುದು ಆಕ್ಷನ್ (ಬ್ಯಾರೆಲ್ ಹಿಂದೆ ಬೋಲ್ಟ್ ಓಡಾಡುವ ಲೋಹದ ಭಾಗ) ಸ್ಟಾಕ್‌ನಲ್ಲಿ ಅಲುಗಾಡದೆ ಕೂರಲಿ ಅಂತ. ಬೇಕಾ ಇಲ್ವಾ ಅಂತ ಹೀಗೆ ನೋಡಿ: ಬ್ಯಾರೆಲ್ ಮತ್ತು ಸ್ಟಾಕ್ ತುದಿ ಸೇರುವ ಕಡೆ ಬೆರಳಿಟ್ಟು ಆಕ್ಷನ್ ಅನ್ನು ಸ್ಟಾಕ್‌ಗೆ ಬಿಗಿಯುವ ಮುಂದಿನ ಸ್ಕ್ರೂ ನಿಧಾನ ಸಡಿಲ ಮಾಡಿ. ಬ್ಯಾರೆಲ್ ಮೇಲೇಳುವುದು ಬೆರಳಿಗೆ ಗೊತ್ತಾದರೆ ಸ್ಕ್ರೂ ಬಿಗಿದಾಗ ಆಕ್ಷನ್ ಬಾಗುತ್ತಿದೆ ಅಂತರ್ಥ. ಆಗ ಪಿಲ್ಲರ್ ಹಾಕಿಸಿ, ಅಂದ್ರೆ ಸ್ಕ್ರೂ ಸುತ್ತ ಅಲ್ಯೂಮಿನಿಯಂ ಕೊಳವೆ. ಸ್ಕ್ರೂ ಬಿಗಿತ ಮರವನ್ನು ಜಜ್ಜುವುದಿಲ್ಲ, ಮರ ಉಬ್ಬಿದರೂ ಬಿಗಿತ ಅಷ್ಟಾಗಿ ಬದಲಾಗಲ್ಲ. ಅದರ ಜೊತೆ ಆಕ್ಷನ್ ಕೂರುವ ಜಾಗಕ್ಕೆ ಸ್ಟೀಲ್ ಪುಡಿ ಬೆರೆಸಿದ ಎಪಾಕ್ಸಿ ಅಂಟು, ಇದೇ ಬೆಡ್ಡಿಂಗ್. 5 ನಿಮಿಷದಲ್ಲಿ ಗಟ್ಟಿಯಾಗುವ ಅಂಟು ಬೇಡವೇ ಬೇಡ, ನಿಧಾನ ಒಣಗುವುದೇ ಬೇಕು. ಲೋಹಕ್ಕೆ ಮೇಣ ಸವರಿ, ತೂತುಗಳಿಗೆ ಜೇಡಿಮಣ್ಣು ತುಂಬದೇ ಇದ್ರೆ ರೈಫಲ್ ಸ್ಟಾಕ್‌ಗೆ ಶಾಶ್ವತವಾಗಿ ಅಂಟಿಕೊಳ್ಳುತ್ತದೆ, ಅದಕ್ಕೇ ಲೈಸೆನ್ಸ್ ಇರುವ ರಿಪೇರಿಯವರ ಕೈಗೆ ಕೊಡಿ.

ಬೀಟೆ ಬಿಡಿ. ಭಾರ, ಎಣ್ಣೆ ಅಂಶ ಜಾಸ್ತಿ, ಎಪಾಕ್ಸಿ ಸರಿಯಾಗಿ ಕಚ್ಚಲ್ಲ. ಅಗ್ಗದ ಪ್ಲಾಸ್ಟಿಕ್ ಸ್ಟಾಕ್ ನೀರಿಗೆ ಉಬ್ಬಲ್ಲ ನಿಜ, ಆದ್ರೆ ಮರಳುಚೀಲದ ಮೇಲಿಟ್ಟು ಒತ್ತಿದರೆ ಮುಂಭಾಗ ಬಾಗಿ ಬ್ಯಾರೆಲ್‌ಗೆ ತಾಗುತ್ತದೆ. ಬದಲಿಸಲೇಬೇಕು ಅಂದ್ರೆ ಲ್ಯಾಮಿನೇಟ್ ತಗೊಳ್ಳಿ, ಮರದ ತೆಳು ಪದರ ಅಂಟಿಸಿರುವುದರಿಂದ ಅಷ್ಟು ಸುಲಭಕ್ಕೆ ತಿರುಚಲ್ಲ.

ಕಡೂರು ಕಾಕಾ:
ಎಲ್ಲರೂ ಮರದ ಹಿಂದೆ ಬಿದ್ದಿದ್ದೀರಿ. ಪಾಯಿಂಟ್ 22ರಲ್ಲಿ ಕಾರ್ಟ್ರಿಜ್ ಲಾಟ್ (ಕಾರ್ಖಾನೆಯಲ್ಲಿ ಒಟ್ಟಿಗೆ ತಯಾರಾದ ಕಂತು) ಬದಲಾದರೂ ಗ್ರೂಪ್ ಬದಲಾಗುತ್ತದೆ. 50 ಮೀಟರ್ ರೈಫಲ್ ಟಾರ್ಗೆಟ್‌ನ 10ರ ವೃತ್ತ ಬರೀ 10.4 ಮಿ.ಮೀ., ಅಲ್ಲಿ ಇದೆಲ್ಲ ಕಾಣುತ್ತದೆ. ಒಂದೇ ಲಾಟ್ ಇಟ್ಟುಕೊಂಡು ಹೋಲಿಸಿ, ಸ್ಕೋಪ್ ಮೌಂಟ್ ಸ್ಕ್ರೂಗಳನ್ನೂ ನೋಡಿ. ಮತ್ತೆ ಇದನ್ನು ಓದಿ ಯಾರೂ ಹಳೇ ಬ್ರಿಟಿಷ್ ಸೇನೆಯ ಲೀ ಎನ್‌ಫೀಲ್ಡ್ ಥರದ ರೈಫಲ್‌ನ ಮರ ಉಜ್ಜಬೇಡಿ. ಅದರ ಸ್ಟಾಕ್ ಎರಡು ತುಂಡು, ಅದರ ನಂಬರ್ 4 ಮಾದರಿಯಲ್ಲಂತೂ ಬ್ಯಾರೆಲ್ ತುದಿಯ ಹತ್ರ ಮರ ಕೆಳಗಿನಿಂದ ಸ್ವಲ್ಪ ಒತ್ತಲೇಬೇಕು.

ಸಕಲೇಶಪುರ ತೋಟದವನು:
ಸ್ಕ್ರೂ ಪರೀಕ್ಷೆಯಲ್ಲಿ ಬ್ಯಾರೆಲ್ ಸ್ವಲ್ಪ ಎದ್ದಿತು. ಪಿಲ್ಲರ್ ಹಾಕಿಸುತ್ತೇನೆ. ಈಗಲೇ ಕೊಡಲಾ?

ಮೂಡಿಗೆರೆ ಮಳೆ:
ಈಗ ಬೇಡ, ಮರ ಪೂರ್ತಿ ಉಬ್ಬಿದೆ. ಫೆಬ್ರವರಿಯಲ್ಲಿ ಕೊಡಿ. ಅಲ್ಲಿವರೆಗೆ ತಾಗುವ ಜಾಗ ಮಾತ್ರ ಮರಳು ಕಾಗದದಲ್ಲಿ ಉಜ್ಜಿ, ವಾರ್ನಿಷ್ ಹೊಡೆಯಬೇಡಿ, ತೇವ ಒಳಗೇ ಉಳಿದುಬಿಡುತ್ತದೆ.