ಕಂಪ್ಯೂಟರ್ ತಾನಾಗಿಯೇ ರೀಸ್ಟಾರ್ಟ್ ಆಗುತ್ತಿದೆ, ಮದರ್‌ಬೋರ್ಡ್ ಹೋಗಿದೆಯಾ?

ಪ್ರಶ್ನೆ:
ಸರ್, ನಮಸ್ಕಾರ. ನಮ್ಮದು ಮಂಡ್ಯ. ಊರಾಚೆ ಹೊಸ ಬಡಾವಣೆ, ಮನೆ ಹಿಂದೆಯೇ ಕಬ್ಬಿನ ಗದ್ದೆ. ಡೆಸ್ಕ್‌ಟಾಪ್ ತಗೊಂಡು ಆರು ವರ್ಷ ಆಯಿತು, ಟ್ಯೂಷನ್ ಮಕ್ಕಳಿಗೆ ಪ್ರಶ್ನೆಪತ್ರಿಕೆ ಟೈಪ್ ಮಾಡುವುದಕ್ಕೆ ನನಗೆ ಅದೇ ಆಧಾರ. ಒಂದು ತಿಂಗಳಿಂದ ಇದ್ದಕ್ಕಿದ್ದ ಹಾಗೆ ರೀಸ್ಟಾರ್ಟ್ ಆಗುತ್ತಿದೆ. ನೀಲಿ ಪರದೆ ಬರಲ್ಲ. ಮಧ್ಯಾಹ್ನವೆಲ್ಲ ಚೆನ್ನಾಗಿರುತ್ತದೆ, ಸಂಜೆ ಆದರೆ ಎರಡು ಮೂರು ಸಲ. ಯುಪಿಎಸ್ ಇದೆ, ಹಾಗಾಗಿ ಕರೆಂಟಿನ ತೊಂದರೆ ಅಲ್ಲ ಅಂದುಕೊಂಡಿದ್ದೇನೆ. ಸಿಪಿಯು ಡಬ್ಬ ಮಾತ್ರ ಅಂಗಡಿಗೆ ಕೊಟ್ಟಿದ್ದೆ. ಎರಡು ದಿನ ಇಟ್ಟುಕೊಂಡರು, ಅಲ್ಲಿ ಒಂದು ಸಲವೂ ರೀಸ್ಟಾರ್ಟ್ ಆಗಲಿಲ್ಲವಂತೆ, ಆದರೂ ಮದರ್‌ಬೋರ್ಡ್ ಬದಲಾಯಿಸಿ ಅನ್ನುತ್ತಿದ್ದಾರೆ. ಏನು ಮಾಡಲಿ?

ಉತ್ತರ:
ಮೇಡಂ, ಮದರ್‌ಬೋರ್ಡಿಗೆ ಈಗಲೇ ದುಡ್ಡು ಕೊಡಬೇಡಿ. ಅಂಗಡಿಯಲ್ಲಿ ಎರಡು ದಿನ ಸರಿಯಾಗಿ ಓಡಿದ್ದು ಮನೆಗೆ ಬಂದ ತಕ್ಷಣ ಕೆಡುತ್ತದೆ ಅಂದರೆ, ಮೊದಲು ನೋಡಬೇಕಾದದ್ದು ಮನೆಯಲ್ಲೇ ಉಳಿದಿದ್ದನ್ನು. ಅಂದರೆ ಯುಪಿಎಸ್, ಎಕ್ಸ್‌ಟೆನ್ಷನ್ ಬಾಕ್ಸ್, ಗೋಡೆಯ ಸಾಕೆಟ್.

ಯುಪಿಎಸ್ ಇದೆ ಅನ್ನುವ ಧೈರ್ಯವೇ ಇಲ್ಲಿ ದಾರಿ ತಪ್ಪಿಸುತ್ತದೆ. ಒಳಗಿರುವುದು ಸಾಮಾನ್ಯವಾಗಿ 12 ವೋಲ್ಟ್, 7 ಆಂಪಿಯರ್ ಅವರ್ ಬ್ಯಾಟರಿ. ಎರಡು ಮೂರು ವರ್ಷಕ್ಕೆ ಸೋತುಹೋಗುತ್ತದೆ. ಮನೆಗಳಲ್ಲಿ ಇಡುವ ಯುಪಿಎಸ್ ಕರೆಂಟ್ ಇದ್ದಾಗ ಅದನ್ನೇ ದಾಟಿಸುತ್ತಿರುತ್ತದೆ, ವೋಲ್ಟೇಜ್ ಕುಸಿದಾಗ ಮಾತ್ರ ಬ್ಯಾಟರಿಗೆ ಬದಲಾಗುತ್ತದೆ, ಆ ಕ್ಷಣದಲ್ಲಿ ಬ್ಯಾಟರಿಯಲ್ಲಿ ಜೀವ ಇಲ್ಲದಿದ್ದರೆ ಕಂಪ್ಯೂಟರಿಗೆ ಏನೂ ಸಿಗುವುದಿಲ್ಲ. ನಿಮ್ಮ ಎಸ್‌ಎಂಪಿಎಸ್, ಅಂದರೆ ಸಿಪಿಯು ಡಬ್ಬದೊಳಗೆ ಕರೆಂಟ್ ಹಂಚುವ ಪವರ್ ಸಪ್ಲೈ, ತನ್ನ ಕೆಪಾಸಿಟರ್‌ಗಳಲ್ಲಿರುವ ಚಾರ್ಜಿನಿಂದ ತಡೆದುಕೊಳ್ಳುವುದು ಸೆಕೆಂಡಿನ ಐವತ್ತನೇ ಒಂದು ಭಾಗದಷ್ಟು ಹೊತ್ತು, ಹಳೆಯದಾದರೆ ಅದಕ್ಕಿಂತ ಕಡಿಮೆ. ಅದು ದಾಟಿದರೆ ಕರೆಂಟ್ ಸರಿಯಿದೆ ಅಂತ ಬೋರ್ಡಿಗೆ ಹೇಳುವ ‘ಪವರ್ ಗುಡ್’ ಸಿಗ್ನಲ್ ನಿಲ್ಲುತ್ತದೆ. ಕರೆಂಟ್ ತಕ್ಷಣ ಸರಿಹೋದರೆ ಬೋರ್ಡ್ ಮೊದಲಿಂದ ಶುರು ಮಾಡುತ್ತದೆ. ಹಾಗಾಗಿ ದೀಪ ಒಮ್ಮೆ ಮಿಣುಕಿದ್ದೂ ಗೊತ್ತಾಗುವುದಿಲ್ಲ, ಕಂಪ್ಯೂಟರ್ ಮಾತ್ರ ರೀಸ್ಟಾರ್ಟ್ ಆಗಿರುತ್ತದೆ.

ಹೀಗೆ ಪರೀಕ್ಷೆ ಮಾಡಿ. ಕಂಪ್ಯೂಟರ್ ಶಟ್‌ಡೌನ್ ಮಾಡಿ, ಯುಪಿಎಸ್‌ಗೆ ಹಳೇ ಕಾಲದ 60 ಅಥವಾ 100 ವ್ಯಾಟ್ ಬಲ್ಬಿನ ಟೇಬಲ್ ಲ್ಯಾಂಪ್ ಹಾಕಿ. ಎಲ್‌ಇಡಿ ಬೇಡ, ಅದರ ಲೋಡ್ ಏನೂ ಸಾಲದು, ಸತ್ತ ಬ್ಯಾಟರಿಯೂ ಪಾಸಾಗಿಬಿಡುತ್ತದೆ. ಆಮೇಲೆ ಗೋಡೆಯ ಸ್ವಿಚ್ ಆಫ್ ಮಾಡಿ. ಪ್ಲಗ್ ಕೀಳಬೇಡಿ, ಅರ್ಥ್ ತಪ್ಪುತ್ತದೆ. ಬಲ್ಬ್ ಐದು ನಿಮಿಷವಾದರೂ ಉರಿಯಬೇಕು.

ಇನ್ನೊಂದು, ಪ್ರತಿ ಸಲ ರೀಸ್ಟಾರ್ಟ್ ಆದಾಗ ಗಂಟೆ ಬರೆದಿಡಿ, ಜೊತೆಗೆ ಮನೆಯಲ್ಲಿ ಏನು ಆನ್ ಆಯಿತು ಅಂತಲೂ ಬರೆಯಿರಿ. ಮೋಟಾರ್ ಶುರುವಾಗುವಾಗ, ಓಡುವಾಗ ಎಳೆಯುವುದರ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ, ಆಗ ಲೈನಿನ ವೋಲ್ಟೇಜ್ ಒಂದು ಕ್ಷಣ ಕುಸಿಯುತ್ತದೆ. ಹಿಂದಿನ ಗದ್ದೆಯ ಪಂಪ್‌ಸೆಟ್, ಮನೆಯ ಸಂಪ್ ಮೋಟಾರ್, ಫ್ರಿಡ್ಜ್, ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ಪ್ರಶ್ನೆ ಕೇಳಿದವರು:
ಸರ್, ಸ್ವಿಚ್ ಆಫ್ ಮಾಡಿದ ತಕ್ಷಣ ಬಲ್ಬ್ ಆರಿಹೋಯಿತು! ಬರೆದಿಟ್ಟಿದ್ದು ನೋಡಿದರೆ ನಾಲ್ಕರಲ್ಲಿ ಮೂರು ಸಲ ಸಂಪ್ ಮೋಟಾರ್ ಹಾಕಿದಾಗಲೇ ಆಗಿದೆ. ಯುಪಿಎಸ್ ತೆಗೆದು ನೇರ ಸಾಕೆಟ್‌ಗೆ ಹಾಕಿ ನೋಡಿದೆ, ಆಗಲೂ ಒಂದು ಸಲ ಆಯಿತು. ಹಾಗಾದರೆ ಯುಪಿಎಸ್ ತಪ್ಪಲ್ಲ ಅಲ್ವಾ? ವಿಂಡೋಸ್ ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್ ಪವರ್ 41 ಅಂತ ಬರುತ್ತಿದೆ, ಅದೇನು?

ಉತ್ತರ:
ನೇರ ಹಾಕಿದಾಗ ಕಾಪಾಡುವವರೇ ಇಲ್ಲ ಮೇಡಂ, ಮೋಟಾರಿನ ಏಟು ಸೀದಾ ಎಸ್‌ಎಂಪಿಎಸ್‌ಗೇ ಬೀಳುತ್ತದೆ. ಆದ್ದರಿಂದ ಅದು ಯುಪಿಎಸ್ ಚೆನ್ನಾಗಿದೆ ಅನ್ನುವುದಕ್ಕೆ ಸಾಕ್ಷಿ ಅಲ್ಲ.

41 ಅಂದರೆ ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತ್ತು ಅಂತ ಅಷ್ಟೇ, ಕಾರಣ ಅದರಲ್ಲಿ ಇರಲ್ಲ. ಅದರ ವಿವರದಲ್ಲಿ ಬಗ್‌ಚೆಕ್ ಕೋಡ್ (ನೀಲಿ ಪರದೆಯ ದೋಷದ ಸಂಖ್ಯೆ) 0 ಇದ್ದರೆ, ವಿಂಡೋಸ್‌ಗೆ ದೋಷ ಬರೆದುಕೊಳ್ಳುವಷ್ಟು ಸಮಯವೇ ಸಿಕ್ಕಿಲ್ಲ. ನಿಮ್ಮ ವಿಷಯದಲ್ಲಿ ಅದು ಕರೆಂಟಿಗೇ ಹೊಂದುತ್ತದೆ.

ಬ್ಯಾಟರಿ ಒಂದನ್ನೇ ಬದಲಾಯಿಸಿ, ಒಂದು ವಾರ ನೋಡಿ. ಬೇರೆ ಏನನ್ನೂ ಮುಟ್ಟಬೇಡಿ. ಎರಡು ಮೂರು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಸರಿಹೋಯಿತು ಅಂತ ಯಾರಿಗೂ ಗೊತ್ತಾಗಲ್ಲ. ಇಲ್ಲಿ ಮೈಸೂರಿನ ಹೆಬ್ಬಾಳದಲ್ಲಿ ಒಬ್ಬರು ನನ್ನ ಹತ್ತಿರ ಬರುವಷ್ಟರಲ್ಲಿ ರ‍್ಯಾಮ್, ಎಸ್‌ಎಂಪಿಎಸ್ ಎರಡಕ್ಕೂ ದುಡ್ಡು ಹಾಕಿದ್ದರು. ಎಕ್ಸ್‌ಟೆನ್ಷನ್ ಬಾಕ್ಸಿನ ಪಿನ್ ಸಡಿಲವಾಗಿತ್ತು, ಇಷ್ಟೇ. ನನಗೆ ಇವತ್ತಿಗೂ ಬೇಜಾರಾಗುತ್ತದೆ.

ಬ್ಯಾಟರಿ ಹಾಕಿದ ಮೇಲೂ ಆದರೆ ಎಸ್‌ಎಂಪಿಎಸ್ ಕಡೆ ಹೋಗಬೇಕು. ಲೋಡ್ ಇರುವಾಗ 12 ವೋಲ್ಟ್ ಲೈನ್ 11.4ರಿಂದ 12.6ರ ಒಳಗೆ ಇರಬೇಕು, ತಿಳಿದವರಿಂದ ನೋಡಿಸಿ. ಎಸ್‌ಎಂಪಿಎಸ್ ಡಬ್ಬವನ್ನು ನೀವು ಬಿಚ್ಚಬೇಡಿ, ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗಿಂತಲೂ ಹೆಚ್ಚು ಉಳಿದಿರಬಹುದು.

ಇನ್ನೊಬ್ಬ ಸದಸ್ಯರು:
ಸರ್, ನನ್ನದು ಗೇಮ್ ಆಡುವಾಗ ಮಾತ್ರ ಹೀಗೆ ಆಗುತ್ತದೆ. ನನಗೂ ಬ್ಯಾಟರಿನಾ?

ಉತ್ತರ:
ನಿಮ್ಮದು ಬೇರೆ. ಲೋಡ್ ಬಂದಾಗ ಮಾತ್ರ ಅಂದರೆ ಬಿಸಿ, ಇಲ್ಲವೇ ಎಸ್‌ಎಂಪಿಎಸ್ ಶಕ್ತಿ ಸಾಲುತ್ತಿಲ್ಲ. ಫ್ಯಾನಿನ ಧೂಳು ತೆಗೆಯಿರಿ, ಪ್ರೊಸೆಸರ್ ಮೇಲೆ ಬಿಸಿ ದಾಟಿಸಲು ಹಚ್ಚಿರುವ ಥರ್ಮಲ್ ಪೇಸ್ಟ್ ಒಣಗಿದ್ದರೆ ಹೊಸದು ಹಾಕಿ. ಧೂಳು ತೆಗೆಯುವಾಗ ಫ್ಯಾನ್ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಳ್ಳಿ, ಬ್ಲೋವರ್ ಗಾಳಿಗೆ ಅದು ವಿಪರೀತ ತಿರುಗಿ ಹಾಳಾಗುತ್ತದೆ.

ಪ್ರಶ್ನೆ ಕೇಳಿದವರು:
ಸರ್, ಬ್ಯಾಟರಿ ಹಾಕಿಸಿ ಒಂಬತ್ತು ದಿನ ಆಯಿತು. ದಿನಾ ಮೋಟಾರ್ ಹಾಕುತ್ತಿದ್ದೇವೆ, ಒಂದು ಸಲವೂ ರೀಸ್ಟಾರ್ಟ್ ಆಗಿಲ್ಲ. ತುಂಬಾ ಉಪಕಾರ ಆಯಿತು.

ಉತ್ತರ:
ಸಂತೋಷ ಮೇಡಂ. ಹೊಸ ಬ್ಯಾಟರಿ ಹಾಕಿದ ತಾರೀಕನ್ನು ಯುಪಿಎಸ್ ಮೇಲೆ ಮಾರ್ಕರ್‌ನಲ್ಲಿ ಬರೆದಿಡಿ, ಆರು ತಿಂಗಳಿಗೊಮ್ಮೆ ಅದೇ ಬಲ್ಬ್ ಪರೀಕ್ಷೆ ಮಾಡಿ. ಹಳೇ ಬ್ಯಾಟರಿಯಲ್ಲಿ ಸೀಸ ಇರುತ್ತದೆ, ಕಸಕ್ಕೆ ಹಾಕಬೇಡಿ, ಬ್ಯಾಟರಿ ಅಂಗಡಿಗೇ ವಾಪಸ್ ಕೊಡಿ.