ಮುಂದೆ ಓಡುವ ಗಡಿಯಾರ

“ಇನ್ನೊಮ್ಮೆ ಹೇಳು, ಓವರ್‌ಕ್ಲಾಕಿಂಗ್ ಎಂದರೆ ಏನು?” ಎಂದರು ಶೇಷಣ್ಣ, ತಟ್ಟೆ ಇಡ್ಲಿಯ ಅಂಚು ಮುರಿಯುತ್ತ.

“ಕಂಪ್ಯೂಟರಿನ ಮಿದುಳು ಇದೆಯಲ್ಲ, ಪ್ರೊಸೆಸರ್, ಅದನ್ನು ಕಂಪನಿ ಗೊತ್ತುಮಾಡಿದ್ದಕ್ಕಿಂತ ಹೆಚ್ಚು ವೇಗವಾಗಿ ಓಡಿಸುವುದು ತಾತ.” ಕಿರಣ ಇದನ್ನು ಹೇಳುತ್ತಿರುವುದು ಮೂರನೆಯ ಸಲ.

“ಅಂದರೆ ಗಡಿಯಾರ ಮುಂದೆ ಓಡುವುದು.”

“ಹಾಗೆಂದುಕೊಳ್ಳಿ.”

“ನಮ್ಮ ಎಚ್‌ಎಂಟಿಯಲ್ಲಿ ಗಡಿಯಾರ ಮುಂದೆ ಓಡಿದರೆ ಅದನ್ನು ಗೇಟಿನಿಂದ ಹೊರಗೆ ಬಿಡುತ್ತಿರಲಿಲ್ಲ. ನಿಮ್ಮಲ್ಲಿ ಅಂಥದ್ದಕ್ಕೇ ಹೆಚ್ಚಿನ ಬೆಲೆ. ನಮ್ಮ ಕಾರ್ಖಾನೆ ಯಾಕೆ ಮುಚ್ಚಿತು ಎಂಬುದು ಈಗ ಅರ್ಥವಾಯಿತು.”

ಭಾನುವಾರ ಬೆಳಗ್ಗೆ ಕ್ಯಾತ್ಸಂದ್ರದ ಹೋಟೆಲಿನಲ್ಲಿ ಮೇಜು ಹಿಡಿಯುವುದೇ ಒಂದು ಸಾಹಸ. ಹಿಡಿದ ಮೇಲೆ ಬೇಗ ಏಳಬಾರದು ಎಂಬುದು ನಮ್ಮ ಗುಂಪಿನ ಕಾನೂನು. ಆ ದಿನ ವೆಂಕಟಾಚಲ ಮಗ ಕಿರಣನನ್ನೂ ಕರೆತಂದಿದ್ದ. ಮಗನ ಕೈಯಲ್ಲಿ ಆಟವಾಡುವ ಕಂಪ್ಯೂಟರ್ ಜೋಡಿಸಲು ಬೇಕಾದ ಬಿಡಿಭಾಗಗಳ ಪಟ್ಟಿ, ಅಪ್ಪನ ಹಣೆಯಲ್ಲಿ ಬೆವರು.

“80,000 ರೂಪಾಯಿ. ಅದರ ಮೇಲೆ ಒಂದು ಪೈಸೆ ಇಲ್ಲ,” ಎಂದ ವೆಂಕಟಾಚಲ. “ಇದಕ್ಕೆ ಇವನು ಮಧ್ಯಮ ಬಜೆಟ್ ಎನ್ನುತ್ತಾನೆ. ನನ್ನ ಮದುವೆ ಇದಕ್ಕಿಂತ ಕಡಿಮೆಯಲ್ಲಿ ಮುಗಿದಿತ್ತು. ಅದನ್ನು ಆಗ ಎಲ್ಲರೂ ಅದ್ದೂರಿ ಎಂದಿದ್ದರು.”

ಮೇಷ್ಟ್ರು ಪಟ್ಟಿಯನ್ನು ಕೈಗೆ ತೆಗೆದುಕೊಂಡರು. ಅಕ್ಷರ ಕಂಡರೆ ಅವರಿಗೆ ತಿದ್ದದೆ ಇರಲಾಗುವುದಿಲ್ಲ. “ಇಂಟೆಲ್ ಐ5-12600ಕೆ. ಏನಪ್ಪಾ ಇದು, ಕೊನೆಯಲ್ಲಿ ಕೆ?”

“ಅದೇ ಮುಖ್ಯ ಸಾರ್. ಕೆ ಇದ್ದರೆ ಮಾತ್ರ ಓವರ್‌ಕ್ಲಾಕ್ ಮಾಡಬಹುದು.”

“ಕನ್ನಡದಲ್ಲಿ ಗೆ, ಕೆ, ಕ್ಕೆ ಎಂದರೆ ಚತುರ್ಥಿ ವಿಭಕ್ತಿ. ಸಂಪ್ರದಾನ ಕಾರಕ. ಕೊಡುವುದನ್ನು ಸೂಚಿಸುತ್ತದೆ.”

“ಸರಿಯಾಗಿಯೇ ಇದೆ ಮೇಷ್ಟ್ರೇ,” ಎಂದರು ಶೇಷಣ್ಣ. “ಕೊಡುವ ಕರ್ತೃ ಇಲ್ಲೇ ಕೂತಿದ್ದಾನೆ.” ವೆಂಕಟಾಚಲ ಚಟ್ನಿಗೆ ಕೈಚಾಚಿದ.

ಕಿರಣ ಸೋಲಲಿಲ್ಲ. ಹುಡುಗ ಒಳ್ಳೆಯವನು, ವಿವರಿಸುವ ತಾಳ್ಮೆ ಇದೆ. ಬಿಡಿಭಾಗಗಳನ್ನೆಲ್ಲ ಜೋಡಿಸುವ ಮದರ್‌ಬೋರ್ಡ್‌ನಲ್ಲಿ 100 ಮೆಗಾಹರ್ಟ್ಸ್‌ನ, ಅಂದರೆ ಸೆಕೆಂಡಿಗೆ ಹತ್ತು ಕೋಟಿ ಬಡಿತದ ಒಂದು ತಾಳ ಇರುತ್ತದೆ. ಪ್ರೊಸೆಸರ್ ಅದನ್ನು ಗುಣಿಸಿಕೊಳ್ಳುತ್ತದೆ. 45ರಿಂದ ಗುಣಿಸಿದರೆ ನಾಲ್ಕೂವರೆ ಗಿಗಾಹರ್ಟ್ಸ್. ಕೆ ಇಲ್ಲದ ಪ್ರೊಸೆಸರ್‌ನಲ್ಲಿ ಆ ಗುಣಕಕ್ಕೆ ಬೀಗ, ಇರುವುದರಲ್ಲಿ ಬೀಗ ಇಲ್ಲ.

“ಬೀಗ ಹಾಕಿದವರು ಯಾರು?” ಶೇಷಣ್ಣ ಕೇಳಿದರು.

“ಕಂಪನಿಯವರು.”

“ತೆಗೆಯುವುದಕ್ಕೆ ದುಡ್ಡು ಯಾರಿಗೆ?”

“ಕಂಪನಿಯವರಿಗೇ.”

“ಬೀಗ ತೆಗೆಸಿದರೆ ಮುಗಿಯಿತೋ?”

“ಇಲ್ಲ ತಾತ. ಬೋರ್ಡ್ ಕೂಡ ಜೆಡ್ ಸರಣಿಯದ್ದೇ ಆಗಬೇಕು. ಬಿ660ರಂಥ ಬೋರ್ಡ್‌ನಲ್ಲಿ ಗುಣಕ ಬದಲಾಯಿಸಲು ಬಿಡುವುದಿಲ್ಲ. ಆಮೇಲೆ, ಕೆ ಡಬ್ಬಿಯಲ್ಲಿ ಫ್ಯಾನ್ ಕೊಡುವುದಿಲ್ಲ. ಕೂಲರ್ ಬೇರೆ ಕೊಳ್ಳಬೇಕು. ಬಿಸಿ ಹೆಚ್ಚು, ಹಾಗಾಗಿ ದೊಡ್ಡದೇ ಬೇಕು. ದೊಡ್ಡ ಕೂಲರ್ ಹಿಡಿಸುವ ಕ್ಯಾಬಿನೆಟ್ ಬೇಕು. ಕರೆಂಟ್ ಕೊಡುವ ಎಸ್‌ಎಂಪಿಎಸ್ ಕೂಡ ಸ್ವಲ್ಪ…”

“ನೋಡು ವೆಂಕಟಾಚಲ, ನೀನು ಒಪ್ಪಿದ್ದು ಒಂದು ಅಕ್ಷರಕ್ಕೆ. ಅದರ ಹಿಂದೆ ದಿಬ್ಬಣವೇ ಇಳಿಯಿತು.”

ಅಷ್ಟು ಹೊತ್ತು ಸುಮ್ಮನಿದ್ದ ಸೀನ ಕೈತೊಳೆದು ಬಂದು ಕೂತ. ಕಂಪ್ಯೂಟರ್ ರಿಪೇರಿಯಲ್ಲಿ ಅವನ ಅರ್ಧ ತಲೆಗೂದಲು ಹೋಗಿದೆ. ಉಳಿದ ಅರ್ಧ ಪ್ರಿಂಟರ್‌ಗಳ ಪಾಲು.

“ಶೇಷಣ್ಣ, ನೀವು ಓವರ್‌ಕ್ಲಾಕಿಂಗನ್ನು ಪೂರ್ತಿ ಬೈಯಬೇಡಿ. ನಮ್ಮ ಕಾಲದಲ್ಲಿ ಅದಕ್ಕೊಂದು ಮರ್ಯಾದೆ ಇತ್ತು. 1998ರಲ್ಲಿ ಸೆಲೆರಾನ್ 300ಎ ಎಂದು ಒಂದು ಅಗ್ಗದ ಪ್ರೊಸೆಸರ್ ಬಂತು. ಅದರ ಗುಣಕ ನಾಲ್ಕೂವರೆ, ಬೋರ್ಡ್‌ನ ತಾಳ 66. ಒಟ್ಟು 300 ಮೆಗಾಹರ್ಟ್ಸ್. ತಾಳವನ್ನು 100ಕ್ಕೆ ಏರಿಸಿದರೆ 450. ಎಷ್ಟೋ ಪ್ರೊಸೆಸರ್‌ಗಳು ಒಂದು ಮಾತೂ ಆಡದೆ ಓಡುತ್ತಿದ್ದವು. ಬಡವರ ಮನೆಯಲ್ಲಿ ಆಗಿನ ದುಬಾರಿ ಪೆಂಟಿಯಂ 2 ಹುಟ್ಟಿದ ಹಾಗೆ.”

“ಒಂದಕ್ಕೆ ಒಂದೂವರೆ,” ಎಂದರು ಮೇಷ್ಟ್ರು.

“ಆಮೇಲೆ ಇಂಟೆಲ್‌ನ ಎದುರಾಳಿ ಎಎಂಡಿಯವರ ಡ್ಯುರಾನ್, ಅಥ್ಲಾನ್ ಪ್ರೊಸೆಸರ್‌ಗಳು. ಅದರ ಮೈಮೇಲೆ ಸಣ್ಣ ಸಣ್ಣ ಸೇತುವೆಗಳು ಇರುತ್ತಿದ್ದವು. ಬೀಗ ಹಾಕಬೇಕೆಂದಾಗ ಕಂಪನಿಯವರು ಅವನ್ನು ಕತ್ತರಿಸಿರುತ್ತಿದ್ದರು. ನಾವು ಪೆನ್ಸಿಲ್ ತೆಗೆದುಕೊಂಡು ಆ ಚುಕ್ಕಿಗಳ ನಡುವೆ ಗೀಚುತ್ತಿದ್ದೆವು. ಪೆನ್ಸಿಲ್ ಸೀಸದಲ್ಲಿ ಗ್ರಾಫೈಟ್ ತಾನೇ, ಕರೆಂಟ್ ಹರಿಯುತ್ತದೆ. ಬೀಗ ತೆರೆಯುತ್ತಿತ್ತು.”

ಮೇಷ್ಟ್ರ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. “ಪೆನ್ಸಿಲ್ ಹಿಡಿದು ಗೀಚಿದರೆ ಬುದ್ಧಿ ಚುರುಕಾಗುತ್ತದೆ ಎಂದು ಮೂವತ್ತು ವರ್ಷ ಮಕ್ಕಳಿಗೆ ಹೇಳಿದೆ. ಒಬ್ಬನೂ ನಂಬಲಿಲ್ಲ. ಕಲ್ಲಿನಂಥ ಚಿಪ್ಪು ನಂಬಿತು.”

“ಸೀನ ಹೇಳಿದ್ದನ್ನು ನಾನು ಒಪ್ಪುತ್ತೇನೆ,” ಎಂದರು ಶೇಷಣ್ಣ. “ಆಗ ಅದು ಇಲ್ಲದವನ ಕಸುಬು. ಅಗ್ಗದ್ದನ್ನು ಕೊಂಡು ದುಬಾರಿಯದರ ಹಾಗೆ ಓಡಿಸುವುದು. ಈಗ ದುಬಾರಿಯದನ್ನು ಕೊಂಡು, ಬೀಗಕ್ಕೆ ಬೇರೆ ಕೊಟ್ಟು, ಬೋರ್ಡಿಗೆ ಬೇರೆ ಕೊಟ್ಟು, ಫ್ಯಾನಿಗೆ ಬೇರೆ ಕೊಟ್ಟು… ಕಿರಣ, ಕೊನೆಗೆ ಎಷ್ಟು ಮುಂದೆ ಓಡುತ್ತದೆ?”

“ಅದು ತಾನಾಗಿಯೇ 4.9ರವರೆಗೆ ಹೋಗುತ್ತದೆ ತಾತ. ನಾವು ಮಾಡಿದರೆ 5.1, ಅದೃಷ್ಟವಿದ್ದರೆ 5.2.”

“ನೂರಕ್ಕೆ ನಾಲ್ಕರಿಂದ ಆರು. ಅದಕ್ಕಿಂತ ಹೆಚ್ಚು ಬ್ಯಾಂಕಿನವರು ಕೊಡುತ್ತಾರಲ್ಲಪ್ಪ, ಬಿಸಿಯೂ ಆಗದೆ!”

ಬಿಸಿಯ ಮಾತು ಬಂದದ್ದೇ ತಡ, ಕಿರಣ ಇನ್ನೊಂದು ಪಾಠ ತೆಗೆದ. ವೇಗ ಹೆಚ್ಚಿಸಬೇಕಾದರೆ ವೋಲ್ಟೇಜ್ ಸ್ವಲ್ಪ ಹೆಚ್ಚು ಕೊಡಬೇಕು. ಶಾಖ ಏರುವುದು ವೋಲ್ಟೇಜಿನ ವರ್ಗದಂತೆ. ವೋಲ್ಟೇಜ್ ನೂರಕ್ಕೆ ಹತ್ತು ಏರಿದರೆ, ವೇಗ ಅಷ್ಟೇ ಇದ್ದರೂ ಶಾಖ ನೂರಕ್ಕೆ ಇಪ್ಪತ್ತೊಂದು ಏರುತ್ತದೆ. ಏಪ್ರಿಲ್ ತಿಂಗಳ ತುಮಕೂರಿನಲ್ಲಿ, ತಾರಸಿಯ ಕೆಳಗಿನ ಕೋಣೆಯಲ್ಲಿ ಕೂತು ಇವನು ಇದನ್ನು ಮಾಡಬೇಕೆಂದಿದ್ದಾನೆ.

“ನಮ್ಮ ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ,” ಎಂದರು ಶೇಷಣ್ಣ. “ಅಲ್ಲಿಂದ ನಿಮ್ಮ ಮನೆಗೆ ಒಂದು ತಂತಿ ಬೇರೆಯಾಗಿ ಎಳೆಸಿದರೆ ಸರಿಹೋಗುತ್ತದೆ. ನಿನ್ನ ಕೋಣೆಯಿಂದ ಬರುವ ಬಿಸಿಗೆ ನಿಮ್ಮಮ್ಮ ಹಪ್ಪಳ ಒಣಗಿಸಿಕೊಳ್ಳಲಿ.”

ಅಷ್ಟರಲ್ಲಿ ಎರಡನೆಯ ಸುತ್ತಿನ ಇಡ್ಲಿ ಬಂತು. ಕಂಚಿನ ಬಟ್ಟಲಿನಷ್ಟು ಅಗಲ, ಮೇಲೆ ಹಬೆ, ನಡುವೆ ಬೆಣ್ಣೆಯ ಒಂದು ಉಂಡೆ. ಬಿಸಿಗೆ ಬೆಣ್ಣೆ ತಳದಲ್ಲಿ ಕರಗಿ, ಉಂಡೆ ಜಾರಿ, ಇಡ್ಲಿಯ ತಗ್ಗನ್ನು ಹುಡುಕಿಕೊಂಡು ಅಂಚಿನವರೆಗೆ ಹೋಗಿ ನಿಂತಿತು. ಕಿರಣ ಅದನ್ನೇ ನೋಡುತ್ತಿದ್ದ.

“ಥರ್ಮಲ್ ಪೇಸ್ಟ್ ಹೀಗೆಯೇ ತಾತ. ಪ್ರೊಸೆಸರ್ ಮೇಲೆ ಬಟಾಣಿ ಕಾಳಿನಷ್ಟು ಇಡುತ್ತಾರೆ. ಕೂಲರ್ ಒತ್ತಿದರೆ ತಾನೇ ಹರಡಿಕೊಂಡು ಕಾಣದ ಸಂದುಗಳನ್ನು ತುಂಬುತ್ತದೆ. ಜಾಸ್ತಿ ಹಾಕಿದರೆ ಪಕ್ಕಕ್ಕೆ ಉಕ್ಕಿ ರಂಪವಾಗುತ್ತದೆ.”

ಶೇಷಣ್ಣ ಈ ಸಲ ಏನೂ ಅನ್ನಲಿಲ್ಲ. ಕೈಕೆಲಸದ ಮಾತು ಬಂದಾಗ ಅವರು ಹಾಗೆಯೇ. ಸ್ವಲ್ಪ ಹೊತ್ತಿನ ಮೇಲೆ, “ನಾವು ಎಣ್ಣೆ ಹಾಕುತ್ತಿದ್ದದ್ದೂ ಹಾಗೆಯೇ. ಸೂಜಿಯ ತುದಿಯಲ್ಲಿ ನಿಲ್ಲುವಷ್ಟು,” ಎಂದರು.

ವೆಂಕಟಾಚಲನಿಗೆ ಲೆಕ್ಕ ಮುಗಿಯದೆ ನೆಮ್ಮದಿ ಇಲ್ಲ. “ಆಟ ಆಡುವುದಕ್ಕೆ ಯಾವ ಮಾನಿಟರ್?”

“ಮನೆಯಲ್ಲಿರುವ ಹಳೆಯದೇ ಸಾಕು ಅಪ್ಪ. ದುಡ್ಡು ಉಳಿಸೋಣ ಎಂದು.”

ಸೀನ ತಲೆ ಚಚ್ಚಿಕೊಂಡ. “ಅದು 60 ಹರ್ಟ್ಸ್. ಸೆಕೆಂಡಿಗೆ ಅರವತ್ತು ಚಿತ್ರ ಮಾತ್ರ ತೋರಿಸುತ್ತದೆ. ನೀನು ನೂರಿದ್ದುದನ್ನು ನೂರ ಆರು ಮಾಡಲು ಇಷ್ಟೆಲ್ಲ ಒದ್ದಾಡಿದರೂ ಕಣ್ಣಿಗೆ ಬೀಳುವುದು ಅರವತ್ತೇ.”

“ಸೇರಿನಲ್ಲಿ ಎರಡು ಸೇರು ಅಳೆಯುವ ವಿದ್ಯೆ,” ಎಂದರು ಶೇಷಣ್ಣ. “ಎಷ್ಟೇ ಜೋರಾಗಿ ಸುರಿದರೂ ಸೇರು ಸೇರೇ. ಚೆಲ್ಲುವುದು ಮಾತ್ರ ಹೆಚ್ಚು.”

ಇಲ್ಲಿಂದ ಮುಂದೆ ಸೀನ ಪೆನ್ನು ಕಸಿದುಕೊಂಡು ಬಿಲ್ಲಿನ ಹಿಂಬದಿಯಲ್ಲಿ ಬರೆಯತೊಡಗಿದ. ಗುಣಕ ತಿರುಗಿಸುವ ಚಟ ಇದ್ದೇ ಇದ್ದರೆ ಎಎಂಡಿಯ ರೈಜನ್ 5 5600 ತೆಗೆದುಕೊ, ಅದಕ್ಕೆ ಬೀಗವೂ ಇಲ್ಲ, ಅಕ್ಷರದ ದಂಡವೂ ಇಲ್ಲ. ಆರು ಕೋರ್, 65 ವ್ಯಾಟ್, ಡಬ್ಬಿಯಲ್ಲೇ ಫ್ಯಾನ್. ಬಿ550 ಬೋರ್ಡ್ ಸಾಕು. ಎ520 ಮಾತ್ರ ಬೇಡ, ಅದರಲ್ಲಿ ಓವರ್‌ಕ್ಲಾಕ್ ಆಗುವುದಿಲ್ಲ. ಉಳಿದ ದುಡ್ಡನ್ನೆಲ್ಲ ಗ್ರಾಫಿಕ್ಸ್ ಕಾರ್ಡಿಗೆ ಸುರಿ, ಆಟ ಓಡಿಸುವ ಎತ್ತು ಅದೇ. ರ‍್ಯಾಮ್ ಒಂದೇ 16 ಜಿಬಿಯದ್ದು ಬೇಡ, ಎಂಟೆಂಟರ ಜೋಡಿ ಹಾಕು.

“ಜೋಡೆತ್ತು,” ಎಂದರು ಮೇಷ್ಟ್ರು, ಕೊನೆಗೂ ಒಂದು ವಿಷಯ ಅರ್ಥವಾದ ಸಂತೋಷದಲ್ಲಿ.

“ಇನ್ನೊಂದು. ರ‍್ಯಾಮ್ ಡಬ್ಬಿಯ ಮೇಲೆ 3,200 ಎಂದಿರುತ್ತದೆ. ಹಾಕಿದ ತಕ್ಷಣ ಅದು ಅಷ್ಟು ವೇಗದಲ್ಲಿ ಓಡುವುದಿಲ್ಲ, 2,400ರಲ್ಲೋ 2,666ರಲ್ಲೋ ತೂಕಡಿಸುತ್ತಿರುತ್ತದೆ. ಪಿಸಿಯ ಮೂಲ ಸೆಟ್ಟಿಂಗ್‌ಗಳಿರುವ ಬಯಾಸ್‌ಗೆ ಹೋಗಿ, ಡಬ್ಬಿಯ ಮೇಲಿನ ವೇಗಕ್ಕೆ ಏರಿಸುವ ಎಕ್ಸ್‌ಎಂಪಿ ಆನ್ ಮಾಡಬೇಕು. ನನ್ನ ಹತ್ತಿರ ರಿಪೇರಿಗೆ ಬರುವ ಎಷ್ಟೋ ಗೇಮಿಂಗ್ ಪಿಸಿಗಳಲ್ಲಿ ಅದನ್ನು ಮಾಡಿರುವುದೇ ಇಲ್ಲ.”

“ಇದು ಚೆನ್ನಾಗಿದೆ,” ಎಂದರು ಶೇಷಣ್ಣ. “ಪ್ರೊಸೆಸರನ್ನು ಕಂಪನಿ ಹೇಳಿದ್ದಕ್ಕಿಂತ ಮುಂದೆ ಓಡಿಸುವುದಕ್ಕೆ ಸಾಲ. ರ‍್ಯಾಮ್ ಹಿಂದೆ ಓಡುತ್ತಿರುವುದು ಯಾರಿಗೂ ಗೊತ್ತಿಲ್ಲ. ನಮ್ಮಲ್ಲಿ ಟೈಮಿಂಗ್ ಮೆಷಿನ್ ಎಂದು ಇತ್ತು ಮರಿ. ಗಡಿಯಾರವನ್ನು ಅದರ ಕಿವಿಗೆ ಇಟ್ಟರೆ ಟಿಕ್ ಟಿಕ್ ಕೇಳಿಸಿಕೊಂಡು ಕಾಗದದ ಪಟ್ಟಿಯ ಮೇಲೆ ಗೆರೆ ಎಳೆಯುತ್ತಿತ್ತು. ಗಂಟೆಗೆ ಹದಿನೆಂಟು ಸಾವಿರ ಟಿಕ್. ಗೆರೆ ಮೇಲಕ್ಕೆ ಏರಿದರೆ ಮುಂದೆ ಓಡುತ್ತಿದೆ, ಕೆಳಗೆ ಇಳಿದರೆ ಹಿಂದೆ. ಒಂದು ಕೂದಲೆಳೆಯ ಸ್ಪ್ರಿಂಗ್, ಅದರ ಪಕ್ಕ ಒಂದು ಸಣ್ಣ ಸನ್ನೆಕಡ್ಡಿ. ಅದನ್ನು ಇಷ್ಟೇ ಇಷ್ಟು…” ಅವರ ಹೆಬ್ಬೆರಳು ಮತ್ತು ತೋರುಬೆರಳು ಗಾಳಿಯಲ್ಲಿ ಇಲ್ಲದ ಏನನ್ನೋ ಹಿಡಿದವು. “…ಸರಿಸಿ, ಗೆರೆ ನೆಟ್ಟಗೆ ಬರುವವರೆಗೆ ಕೂರುತ್ತಿದ್ದೆವು. ಊಟದ ಗಂಟೆ ಹೊಡೆದದ್ದು ಕೇಳುತ್ತಿರಲಿಲ್ಲ. ಗಡಿಯಾರ ಮಾಡುವವರಿಗೆ ಹೊತ್ತು ಗೊತ್ತಾಗುತ್ತಿರಲಿಲ್ಲ.”

2016ರಲ್ಲಿ ಎಚ್‌ಎಂಟಿ ವಾಚ್ ಕಂಪನಿಯನ್ನೇ ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ತುಮಕೂರಿನ ಕಾರ್ಖಾನೆಯ ಜಾಗ ಇಸ್ರೋಗೆ ಹೋಯಿತು. ಶೇಷಣ್ಣನಿಗೆ ಅದರ ಬಗ್ಗೆ ಸಿಟ್ಟಿಲ್ಲ. “ನಾವು ಸೆಕೆಂಡನ್ನು ಮುಂದಕ್ಕೆ ಎಣಿಸುತ್ತಿದ್ದೆವು, ಅವರು ಹತ್ತರಿಂದ ಹಿಂದಕ್ಕೆ ಎಣಿಸುತ್ತಾರೆ, ಅಷ್ಟೇ ವ್ಯತ್ಯಾಸ,” ಎನ್ನುತ್ತಾರೆ. ಈ ಮಾತನ್ನು ನಾವೆಲ್ಲ ಹತ್ತು ಸಲವಾದರೂ ಕೇಳಿದ್ದೇವೆ. ಪ್ರತಿ ಸಲವೂ ನಗುತ್ತೇವೆ.

ಕಿರಣ ಹೊಸಬ, ಅವನು ನಗಲಿಲ್ಲ. “ತಾತ, ಮದರ್‌ಬೋರ್ಡ್‌ನಲ್ಲಿಯೂ ನಿಮ್ಮ ಗಡಿಯಾರ ಇದೆ. ಕ್ವಾರ್ಟ್ಸ್ ವಾಚಿನ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದಲ್ಲ, ಅದೇ ಹರಳು ಬೋರ್ಡಿನಲ್ಲೂ ಇರುತ್ತದೆ. ಪಿಸಿ ಆರಿದ್ದಾಗಲೂ ಗುಂಡಿಯಂಥ ಸಣ್ಣ ಬ್ಯಾಟರಿಯ ಮೇಲೆ ದಿನ, ಗಂಟೆ ಎಣಿಸುತ್ತ ಕೂತಿರುತ್ತದೆ.”

“ನೀನು ಓವರ್‌ಕ್ಲಾಕ್ ಮಾಡಿದರೆ ಅದೂ ಮುಂದೆ ಓಡುತ್ತದೋ?”

“ಇಲ್ಲ ತಾತ. ಅದಕ್ಕೆ ಇದರ ಗೊಡವೆಯೇ ಇಲ್ಲ.”

“ಹಾಗಾದರೆ ಪರವಾಗಿಲ್ಲ. ಮನೆಯಲ್ಲಿ ಒಬ್ಬರಾದರೂ ನೆಟ್ಟಗಿದ್ದರೆ ಸಾಕು,” ಎಂದು ಶೇಷಣ್ಣ ಪಟ್ಟಿಯ ಮೇಲೆ ಬೆರಳಾಡಿಸಿದರು. ಕೆ ಹೋಗಿತ್ತು, ಜೆಡ್ ಹೋಗಿತ್ತು. ಕೊನೆಯ ಸಾಲಿನಲ್ಲಿ ಬೆರಳು ನಿಂತಿತು. “ಇದೇನು, ಗಾಜಿನ ಕ್ಯಾಬಿನೆಟ್, ಬಣ್ಣದ ದೀಪದ ಫ್ಯಾನು ನಾಲ್ಕು?”

ವೆಂಕಟಾಚಲನ ಮುಖ ಅರಳಿತು, ಇನ್ನೊಂದು ಬಲಿ ಸಿಕ್ಕಿತೆಂದು. ಕಿರಣ ತಲೆ ತಗ್ಗಿಸಿದ. “ಅದರಿಂದ ವೇಗವೇನೂ ಹೆಚ್ಚಾಗುವುದಿಲ್ಲ ತಾತ. ಸುಮ್ಮನೆ… ರಾತ್ರಿ ನೋಡಲು ಚೆನ್ನಾಗಿರುತ್ತದೆ.”

ಶೇಷಣ್ಣ ಎಡಗೈ ಮಣಿಕಟ್ಟನ್ನು ಮೇಜಿನ ಮೇಲಿಟ್ಟರು. ಹಳೆಯ ಎಚ್‌ಎಂಟಿ ಪೈಲಟ್. ಕರಿಯ ಮುಖ, ಅಂಕಿಗಳಿಗೆ ಹಚ್ಚಿದ್ದ ಹೊಳೆಯುವ ಬಣ್ಣ ಮಾಸಿ ಒಣ ಅರಿಶಿನದಂತಾಗಿದೆ.

“ಮೊದಲ ಸಂಬಳದಲ್ಲಿ ಕೊಂಡದ್ದು. ಎಚ್‌ಎಂಟಿಯದೇ ಜನತಾ ವಾಚು ಕೊಂಡಿದ್ದರೂ ಹೊತ್ತು ತಿಳಿಯುತ್ತಿತ್ತು. ಇದು ಕತ್ತಲಲ್ಲಿ ಹೊಳೆಯುತ್ತದೆ ಎಂದು ಇದನ್ನೇ ತೆಗೆದುಕೊಂಡೆ. ರಾತ್ರಿಯಾಗುವವರೆಗೆ ತಡೆಯಲಾಗಲಿಲ್ಲ. ನಡುಮಧ್ಯಾಹ್ನ ಕಂಬಳಿ ಹೊದ್ದುಕೊಂಡು ಒಳಗೆ ಕೂತು ನೋಡಿದೆ. ನನಗೆ ಜ್ವರ ಬಂದಿದೆ ಎಂದುಕೊಂಡು ನಮ್ಮಮ್ಮ ಕಷಾಯ ಕಾಸಿ ತಂದಳು.”

“ಈಗ ಹೊಳೆಯುತ್ತದೆಯೇ ತಾತ?”

“ಎಲ್ಲಿಯ ಹೊಳೆಯುವುದು!” ಎಂದು ಅವರು ವಾಚಿನ ಕಿವಿ ಹಿಡಿದು ನಾಲ್ಕು ಸುತ್ತು ಕೀಲಿ ಕೊಟ್ಟರು. “ವೆಂಕಟಾಚಲ, ನಾಲ್ಕು ಫ್ಯಾನು ಇರಲಿ ಬಿಡು.”

ಹೋಟೆಲಿನ ಹುಡುಗ ಮೇಜು ಒರೆಸಲು ಬಂದು ನಿಂತ. ಬಿಲ್ಲು ಎಲ್ಲಿ ಎಂದು ಕೇಳಿದ. ಸೀನ ಅದರ ಹಿಂಬದಿಯನ್ನು ತೋರಿಸಿದ.