ಕಲ್ಲುಗಣಿಯ ಹಳೆಯ ರಸ್ತೆ ಮಂದೆಗೆ ಆದೀತೇ? ಎಂಜಿನಿಯರ್ ಜೊತೆ ಪ್ರಶ್ನೋತ್ತರ

ನಿರ್ವಾಹಕರು: ಕಲ್ಲು ತೆಗೆಯುವುದು ನಿಂತು, ಗುಂಡಿ ಮುಚ್ಚಿ ಹುಲ್ಲು ಬೆಳೆಸಿದ ಜಮೀನುಗಳಲ್ಲಿ ಟಿಪ್ಪರ್ ಓಡಾಡಿದ ರಸ್ತೆಯನ್ನು ಕುರಿ, ದನಗಳ ಅನುಕೂಲಕ್ಕೆ ಉಳಿಸಿಕೊಳ್ಳಬೇಕೇ ಎಂದು ಬಳಗದ ಹಲವರು ಕೇಳುತ್ತಿದ್ದಾರೆ. ಗಣಿ ಭೂಮಿಯ ಪುನಶ್ಚೇತನದಲ್ಲಿ ಕೆಲಸ ಮಾಡಿರುವ ಎಂಜಿನಿಯರ್ ಒಬ್ಬರು ಉತ್ತರಿಸಲು ಒಪ್ಪಿದ್ದಾರೆ.

ಮಳವಳ್ಳಿ ಸದಸ್ಯರು: ಸರ್, ನಮಸ್ಕಾರ. ನಮ್ಮ ಸ್ವಂತ ಜಮೀನಿನಲ್ಲಿ 30 ಅಡಿ ಅಗಲದ ಗಣಿ ರಸ್ತೆ ಉಳಿದಿದೆ. 60 ಬನ್ನೂರು ಕುರಿಗಳಿವೆ. ರಸ್ತೆಯನ್ನು ಪೂರ್ತಿ ಹಾಗೆಯೇ ಬಿಡಬಹುದೇ?

ಎಂಜಿನಿಯರ್: ಮೇವಿನ ಟ್ರ್ಯಾಕ್ಟರ್‌ಗೂ ನೀರಿನ ಟ್ಯಾಂಕರ್‌ಗೂ 12 ಅಡಿ ಸಾಕು. ಉಳಿದ 18 ಅಡಿಯನ್ನು ಮೇಲೆ ಮೇಲೆ ಕೆರೆದರೆ ಪ್ರಯೋಜನವಿಲ್ಲ. ಟಿಪ್ಪರ್ ಭಾರಕ್ಕೆ ನೆಲ ಒಂದೂವರೆ ಅಡಿಗೂ ಕೆಳಗೆ ಗಟ್ಟಿಯಾಗಿರುತ್ತದೆ. ಅಷ್ಟು ಆಳಕ್ಕೆ ಇಳಿಜಾರಿಗೆ ಅಡ್ಡಲಾಗಿ ಸೀಳಿಸಿ, ಮೇಲ್ಮಣ್ಣು ಹರಡಿ, ಅಂಜನ್ ಹುಲ್ಲನ್ನೂ ಸ್ಟೈಲೋ ಎಂಬ ದ್ವಿದಳ ಮೇವನ್ನೂ ಬಿತ್ತಿ, ಬೇರು ಹಿಡಿಯುವವರೆಗೆ ಮಂದೆ ಬಿಡಬೇಡಿ.

ಪಾಂಡವಪುರ ಸದಸ್ಯರು: ಸರ್, ನಮ್ಮ ರಸ್ತೆ ನೀರು ನಿಂತ ಗುಂಡಿಯ ಅಂಚಿನಲ್ಲೇ ಹೋಗುತ್ತದೆ. ಕಳೆದ ಮಳೆಯ ನಂತರ ಹೊರ ಅಂಚಿನಲ್ಲಿ ಸುಮಾರು 20 ಅಡಿ ಉದ್ದದ ಬಿರುಕು ಬಂದಿದೆ. ಅದು ಕಮಾನಿನಂತೆ ಬಾಗಿದ್ದು, ಎರಡೂ ತುದಿಗಳು ಗುಂಡಿಯ ಕಡೆಗಿವೆ. ಬಿರುಕಿನ ಆಚೆಯ ಮಣ್ಣು ಎರಡು ಬೆರಳಿನಷ್ಟು ತಗ್ಗಿದೆ. ಸಿಮೆಂಟ್ ಹಾಲು ಸುರಿದು ಮುಚ್ಚಬಹುದೆಂದು ವಾಟ್ಸಾಪ್‌ನಲ್ಲಿ ಬಂದಿದೆ.

ಎಂಜಿನಿಯರ್: ದಯವಿಟ್ಟು ಇವತ್ತೇ ಆ ಜಾಗಕ್ಕೆ ಟ್ಯಾಂಕರ್ ಹೋಗುವುದನ್ನು ನಿಲ್ಲಿಸಿ, ಮಂದೆಯನ್ನೂ ಬಿಡಬೇಡಿ. ಬರಿಯ ಒಣ ಬಿರುಕಾಗಿದ್ದರೆ ನಾನು ಇಷ್ಟು ಆತಂಕಪಡುತ್ತಿರಲಿಲ್ಲ. ಕಮಾನಿನಂತೆ ಬಾಗಿ, ಹೊರಭಾಗ ತಗ್ಗಿದೆ ಎಂದರೆ ಅಷ್ಟು ಮಣ್ಣು ಈಗಾಗಲೇ ಗುಂಡಿಯ ಕಡೆಗೆ ಜಾರಲು ತೊಡಗಿದೆ. ಇಂಥ ರಸ್ತೆಯ ಒಳಭಾಗ ಸಾಮಾನ್ಯವಾಗಿ ಬಂಡೆಯ ಮೇಲಿರುತ್ತದೆ, ಹೊರಭಾಗ ಮಾತ್ರ ಗಣಿಯ ಚೂರುಕಲ್ಲು, ಮಣ್ಣು ಸುರಿದು ಅಗಲ ಮಾಡಿದ್ದು. ಗಣಿ ನಡೆಯುವಾಗ ಒಳಬದಿಯ ಚರಂಡಿಯನ್ನು ಯಂತ್ರದಿಂದ ಬಿಡಿಸುತ್ತಿದ್ದರು; ಈಗ ಅದು ಹೂಳು ತುಂಬಿ, ಮೇಲಿನ ಹೊಲದ ನೀರು ರಸ್ತೆ ದಾಟಿ ನೇರವಾಗಿ ಆ ಸುರಿದ ಮಣ್ಣಿಗೆ ಇಳಿಯುತ್ತಿದೆ. ಸಿಮೆಂಟ್ ಹಾಲು ಜಾರುವ ಮಣ್ಣನ್ನು ಹಿಡಿಯುವುದಿಲ್ಲ. ಅಂಚಿಗೆ ಕಲ್ಲು ಪೇರಿಸಿದರೆ ಭಾರ ಹೆಚ್ಚಿ ಬೇಗ ಕುಸಿಯುತ್ತದೆ. ಮೊದಲು ಮೇಲಿನ ನೀರನ್ನು ತಿರುಗಿಸಿ, ಚರಂಡಿ ಬಿಡಿಸಿ, ಮಳೆ ನೀರು ಇಳಿಯದಂತೆ ಬಿರುಕಿನ ಮೇಲೆ ಟಾರ್ಪಾಲು ಹೊದಿಸಿ, ಬಿರುಕಿಗೆ ಹತ್ತು ಅಡಿ ಒಳಗೆ ಮುಳ್ಳುಬೇಲಿ ಹಾಕಿ. ಬಿರುಕಿನ ಆಚೆಗೆ ಕಾಲಿಡದೆ, ಅದರ ಎರಡೂ ತುದಿಗಳ ಹೊರಗೆ ಗಟ್ಟಿ ನೆಲದಲ್ಲಿ ಗೂಟ ನೆಟ್ಟು ದಾರ ಎಳೆದು, ದಾರಕ್ಕೂ ಬಿರುಕಿನ ಆಚೆಯ ಅಂಚಿಗೂ ಇರುವ ಅಂತರವನ್ನು ದಿನವೂ ಬರೆದಿಡಿ. ರಸ್ತೆ ಬೇಕೇ ಬೇಕೆಂದರೆ ಬಂಡೆಯ ಕಡೆಗೆ ಸರಿಸಿ ಮಾಡಬೇಕು. ಆ ಅಂಚನ್ನು ಉಳಿಸುವ ಆಸೆ ಬಿಡಿ.

ನಾಗಮಂಗಲ ಸದಸ್ಯರು: ನಮ್ಮ ರಸ್ತೆ 25 ಅಡಿ ಇದೆ, ಎಷ್ಟು ಉಳಿಸಬೇಕು?

ಎಂಜಿನಿಯರ್: ಮೇಲೆ ಬರೆದಿದ್ದೇನೆ. 12 ಅಡಿ.

ಬನ್ನೂರು ಸದಸ್ಯರು: ಇಳಿಜಾರಿನಲ್ಲಿ ಪೈಪು ಹಾಕಿಸಬೇಕೇ? ಬದಿಯ ಜೆಲ್ಲಿ ರಾಶಿಯನ್ನು ಮಾರಬಹುದೇ?

ಎಂಜಿನಿಯರ್: ಪೈಪು ಬೇಡ, ಎಲೆ, ಹೂಳು ತುಂಬಿ ಕಟ್ಟಿಕೊಳ್ಳುತ್ತದೆ. ಹತ್ತು ಅಡಿಗೆ ಒಂದು ಅಡಿ ಇಳಿಯುವ ಕಡೆ ಸುಮಾರು 80 ಅಡಿಗೊಂದರಂತೆ ಓರೆಯಾಗಿ ಅಡ್ಡ ದಿಣ್ಣೆ ಹಾಕಿ, ನೀರನ್ನು ಹುಲ್ಲಿನ ನೆಲಕ್ಕೆ ಬಿಡಿ.

ಮದ್ದೂರು ಸದಸ್ಯರು: ಧೂಳಿಗೆ ಹಳೆಯ ಎಂಜಿನ್ ಆಯಿಲ್ ಅಥವಾ ಕಾಕಂಬಿ ಎರಚಿದರೆ ಸಾಕೆಂಬ ವಿಡಿಯೋ ಹಂಚಿಕೊಂಡಿದ್ದೇನೆ, ಎಲ್ಲರೂ ನೋಡಿ.

ಎಂಜಿನಿಯರ್: ದಯವಿಟ್ಟು ಅದನ್ನು ಅಳಿಸಿ. ಬಳಸಿದ ಆಯಿಲ್‌ನಲ್ಲಿ ಸೀಸದಂಥ ಲೋಹಗಳಿರಬಹುದು. ಅದನ್ನು ನೆಕ್ಕಿದ ದನಗಳು ವಿಷವೇರಿ ಸಾಯಬಹುದು. ಕಾಕಂಬಿಯ ಸಿಹಿಗೆ ಕುರಿಗಳು ಮಣ್ಣನ್ನೇ ನೆಕ್ಕುತ್ತವೆ, ಮಳೆಗೆ ಅದು ಕಟ್ಟೆಗೆ ಹರಿದರೆ ನೀರು ಕೊಳೆಯುತ್ತದೆ. ದಿನಕ್ಕೆ ಎರಡು ಸಲ ಟ್ರ್ಯಾಕ್ಟರ್ ಓಡುವ ದಾರಿಯ ಧೂಳಿಗೆ ಮದ್ದೇ ಬೇಕಿಲ್ಲ.

ನಾಗಮಂಗಲ ಸದಸ್ಯರು: ಮದ್ದೂರಿನವರ ರಸ್ತೆ ಗೋಮಾಳದಲ್ಲಿದೆ, ಗೇಟನ್ನೂ ಹಾಕಿದ್ದಾರೆ. 100 ರಾಸುಗಳಿಗೆ 30 ಎಕರೆ ಗೋಮಾಳ ಇರಬೇಕೆಂಬ ನಿಯಮ ಇರುವುದು ಊರ ದನಗಳಿಗಾಗಿ.

ಮದ್ದೂರು ಸದಸ್ಯರು: ಸ್ವಾಮಿ, ನಾಲ್ಕು ವರ್ಷ ಆ ರಸ್ತೆಯ ಹಳ್ಳಗಳನ್ನು ನನ್ನ ದುಡ್ಡಿನಲ್ಲಿ ತುಂಬಿಸಿದ್ದೇನೆ. ಆಗ ಊರವರು ಒಂದು ಬುಟ್ಟಿ ಮಣ್ಣನ್ನೂ ಹಾಕಲಿಲ್ಲ.

ನಾಗಮಂಗಲ ಸದಸ್ಯರು: ಹಳ್ಳ ತುಂಬಿದವರಿಗೆಲ್ಲ ಗೋಮಾಳ ಬರೆದುಕೊಡಬೇಕೇ? ಅದು ಗ್ರಾಮ ನಕ್ಷೆಯಲ್ಲಿ ಕಂಡ ದಾರಿಯೋ ಅಲ್ಲವೋ ಎಂಬುದನ್ನು ಮೊದಲು ತೋರಿಸಿ.

ಎಂಜಿನಿಯರ್: ಇದು ಸರ್ವೆಯವರಿಗೂ ತಹಶೀಲ್ದಾರರಿಗೂ ಬಿಟ್ಟ ವಿಷಯ. ಇಲ್ಲಿ ಜಗಳ ಬೇಡ.

ಮೈಸೂರು ಸದಸ್ಯರು: ರಸ್ತೆ ಉಳಿಸುವ ವಿಷಯದಲ್ಲಿ ಕಾನೂನು ಏನು ಹೇಳುತ್ತದೆ, ಸರ್?

ಎಂಜಿನಿಯರ್: ಗಣಿಯಿಂದ ಕೆಟ್ಟ ನೆಲವನ್ನು ಮೇವು ಬೆಳೆಯುವ ಸ್ಥಿತಿಗೆ ತರಬೇಕೆಂಬ ಷರತ್ತನ್ನು ಗಣಿ ಗುತ್ತಿಗೆಗಳಲ್ಲಿ ಸೇರಿಸಲು ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ ಕೇಂದ್ರಕ್ಕೆ ನಿರ್ದೇಶಿಸಿದೆ. ಅಮೆರಿಕದಲ್ಲಿ 1977ರ ಕಾನೂನಿನಡಿ, ಕಲ್ಲಿದ್ದಲು ಗಣಿಯ ರಸ್ತೆ ಮುಂದಿನ ಬಳಕೆಯ ಒಪ್ಪಿತ ಯೋಜನೆಯಲ್ಲಿ ಸೇರಿರದಿದ್ದರೆ ಅದನ್ನು ಸೀಳಿ ಹುಲ್ಲು ಬೆಳೆಸಲೇಬೇಕು. ಅಲ್ಲಿ ವರ್ಷಕ್ಕೆ 660 ಮಿ.ಮೀ.ಗಿಂತ ಹೆಚ್ಚು ಮಳೆ ಬೀಳದ ಕಡೆ ಆ ಹುಲ್ಲಿನ ಬಗ್ಗೆ ಗಣಿಯವರ ಹೊಣೆ ಹತ್ತು ವರ್ಷ. ನಮ್ಮ ಮಂಡ್ಯದ ಮಳೆಯೂ ಅದರ ಆಸುಪಾಸಿನಲ್ಲೇ ಇದೆ. ಒಂದು ಮುಂಗಾರಿಗೆ ಹಸಿರಾಯಿತೆಂದು ಗುತ್ತಿಗೆದಾರರನ್ನು ಬಿಟ್ಟುಕೊಡಬೇಡಿ. ಯಾವ ರಸ್ತೆ ಬೇಕು ಎಂಬುದನ್ನು ಗಣಿ ಮುಚ್ಚುವ ಯೋಜನೆಯಲ್ಲೇ ಬರೆಸಿ.

ಕೆ.ಆರ್. ಪೇಟೆ ಸದಸ್ಯರು: ರಸ್ತೆ ಎಷ್ಟು ಅಡಿ ಉಳಿಸಬೇಕು, ಸರ್?

ಎಂಜಿನಿಯರ್: ಮೇಲೆ ಓದಿ.

ಬನ್ನೂರು ಸದಸ್ಯರು: ಜೆಲ್ಲಿಯ ಬಗ್ಗೆ ತಾವು ಹೇಳಲೇ ಇಲ್ಲ.

ಪಾಂಡವಪುರ ಸದಸ್ಯರು: ಸರ್, ದಾರ ಎಳೆದು ಮೂರು ದಿನವಾಯಿತು. ನಿನ್ನೆ ರಾತ್ರಿ ಮಳೆ ಬಂತು. ಬೆಳಿಗ್ಗೆ ಅಳೆದರೆ ಅರ್ಧ ಅಂಗುಲ ಹೆಚ್ಚಾಗಿದೆ.

ಎಂಜಿನಿಯರ್: ಇನ್ನು ಅಳೆಯಲು ಕೂಡ ಅಲ್ಲಿಗೆ ಹೋಗಬೇಡಿ, ಗುಂಡಿಯಲ್ಲಿ ಈಜುವ ಹುಡುಗರಿದ್ದರೆ ತಡೆಯಿರಿ. ಗಣಿ ಇಲಾಖೆಗೂ ಪಂಚಾಯಿತಿಗೂ ಈಗಲೇ ತಿಳಿಸಿ. ನಾಳೆ ಬೆಳಿಗ್ಗೆ ನಾನು ಬರುತ್ತೇನೆ, ಬೇರೆ ದಾರಿಯಿಂದ ಕರೆದುಕೊಂಡು ಹೋಗಿ.